ಸುರಕ್ಷತಾ ಸಂಖ್ಯೆ ಬದಲಾಗಿದೆ

ಭಾನುವಾರ, ಮಧ್ಯಾಹ್ನ
ಹೊಲಿಗೆ ಕೋಣೆಯಿಂದ

ನನ್ನ ಮೊಂಡಿ ತಂಗಿಗೆ,

ಹೊಸ ಏಪ್ರನ್ನಿನ ಜೇಬಿನ ಬಾಯಿ ಹೊಲಿದುಹೋಗಿರುವುದನ್ನು ನೋಡಿ ಅಕ್ಕನ ಕಣ್ಣು ಪೂರ್ತಿ ಹೋಯಿತು ಎಂದು ನಗಬೇಡ. ಬೇಕೆಂದೇ ಹೊಲಿದಿದ್ದೇನೆ. ನಿಮ್ಮ ಲಾಂಡ್ರಿಗೆ ಕಳಿಸುವ ಏಪ್ರನ್ನುಗಳ ಕಟ್ಟಿನಲ್ಲಿ ಇದೊಂದನ್ನು ನೀನೇ ಬಿಚ್ಚಬೇಕೆಂದು ನಿಮ್ಮ ಮೇಲ್ವಿಚಾರಕಿಗೆ ಹೇಳಿದ್ದೇನೆ. ಆ ಪುಣ್ಯಾತ್ಗಿತ್ತಿ ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. ಓದಿದ ಮೇಲೆ ಈ ಕಾಗದವನ್ನು ನಿಮ್ಮ ಬಾಯ್ಲರಿಗೆ ಹಾಕು.

ಮುಂದಿನ ವಾರ ಅಮ್ಮನನ್ನು ನೋಡಲು ಬರುತ್ತೀಯಂತೆ. ಮೇಲ್ವಿಚಾರಕಿ ನಮ್ಮ ಹೊಲಿಗೆ ವರ್ಕ್‌ಶಾಪಿನ ಫೋನಿಗೆ ಕರೆ ಮಾಡಿ ಹೇಳಿದರು. ಬರಬೇಡ. ನೀನು ಒಮ್ಮೆ ಹೊರಟರೆ ಬ್ರಹ್ಮ ಬಂದರೂ ನಿಲ್ಲಿಸಲಾಗದು ಎಂದು ಗೊತ್ತಿರುವುದರಿಂದಲೇ ಇಷ್ಟುದ್ದ ಬರೆಯಲು ಕೂತಿದ್ದೇನೆ. ಪೂರ್ತಿ ಓದು, ಆಮೇಲೆ ಬಯ್ಯುವುದಿದ್ದರೆ ಬಯ್ಯಿ. ಅಮ್ಮನಿಗೆ ಈಗ ನೋವಿಲ್ಲ. ಆ ವಿಷಯ ಅಷ್ಟಕ್ಕೆ ಬಿಟ್ಟು ಮೊದಲು ಇದನ್ನು ಹೇಳಿಬಿಡುತ್ತೇನೆ.

ನೀನು ಪಾಪುವನ್ನು ಎತ್ತಿಕೊಂಡು ಗಂಡನ ಮನೆ ಬಿಟ್ಟ ಹೊಸದರಲ್ಲಿ ನನ್ನ ಫೋನಿಗೆ ಆ ಆ್ಯಪ್ ಹಾಕಿಸಿದೆಯಲ್ಲ, ನೆನಪಿದೆಯೇ. ಎನ್‌ಕ್ರಿಪ್ಷನ್ ಅಂದರೆ ಏನೇ ಎಂದು ಕೇಳಿದ್ದಕ್ಕೆ ನಾವಿಬ್ಬರು ಬರೆದದ್ದು ದಾರಿಯಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ ಬೀಗ ಹಾಕಿಕೊಂಡು ಹೋಗುತ್ತದೆ, ಕಂಪನಿಯವರಿಗೂ ಓದಲು ಬರುವುದಿಲ್ಲ ಅಂದಿದ್ದೆ. ಒಂದು ದಿನ ಕಳೆದರೆ ಬರೆದದ್ದೆಲ್ಲ ತಾನಾಗಿ ಅಳಿಸಿಹೋಗುವಂತೆ ಮಾಡಿದೆ. ಊರಿನ ಹೆಸರು ಬರೆಯಬೇಡ ಅಂದೆ. ಎಲ್ಲಕ್ಕಿಂತ ಹೆಚ್ಚಾಗಿ ಕಿವಿ ಹಿಂಡಿ ಹೇಳಿದ ಮಾತು ಒಂದಿತ್ತು: ‘ಸುರಕ್ಷತಾ ಸಂಖ್ಯೆ ಬದಲಾಗಿದೆ’ ಎಂದು ಫೋನ್ ತೋರಿಸಿದರೆ, ಅಂದರೆ ನನ್ನ ಹೆಸರಿನಲ್ಲಿ ಬೇರೆ ಫೋನು ಬಂದರೆ, ಬೇರೆ ಏನನ್ನೂ ಬರೆಯದೆ ಮೊದಲು ನನಗೆ ಕರೆ ಮಾಡು, ಆ ಉದ್ದದ ಅಂಕಿಯಲ್ಲಿ ಅರ್ಧ ನೀನು ಓದು, ಅರ್ಧ ನಾನು ಓದುತ್ತೇನೆ. ನಾನು ಇದೇನು ಲಾಟರಿ ನಂಬರೇ ಎಂದು ನಕ್ಕಿದ್ದೆ. ನೀನು ನಕ್ಕಿರಲಿಲ್ಲ.

ಒಂದು ದಿನ ಕಾಲರುಗಳಿಗೆ ಹೊಲಿಗೆ ಹಾಕುತ್ತ ಕೂತಿದ್ದಾಗ ಆ ಸಾಲು ಬಂತು. ಅದರ ಕೆಳಗೇ ನಿನ್ನ ಹೆಸರಿನಲ್ಲಿ ಇನ್ನೊಂದು ಸಾಲು, ಅಕ್ಕ, ಹೊಸ ಫೋನ್ ತಗೊಂಡೆ ಎಂದು. ನಿನ್ನ ಮಾತಿನಂತೆ ಮಿಷನ್ ನಿಲ್ಲಿಸಿ ಕರೆ ಮಾಡಿದೆ. ಕರೆ ಕಟ್ಟಾಯಿತು. ಗಂಟಲು ಕೂತಿದೆ, ಮಾತಾಡೋಕೆ ಆಗ್ತಿಲ್ಲ ಎಂದು ಬರೆದು ಬಂತು. ಹಾಗಾದರೆ ಆ ಅಂಕಿ ಬರೆದು ಕಳಿಸು ನೋಡೋಣ ಎಂದು ನಾನು ಜಾಣತನ ತೋರಿಸಿದೆ. ಬರೆದು ಕಳಿಸಿದ. ನನ್ನ ಫೋನಿನ ಅಂಕಿಯ ಜೊತೆ ಬೆರಳಿಟ್ಟು ಒಂದೊಂದಾಗಿ ಹೋಲಿಸಿದೆ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಹೋಲಿಸಿದೆ. ಒಂದೂ ತಪ್ಪಿರಲಿಲ್ಲ. ನೆಮ್ಮದಿಯಾಗಿ ಮಿಷನ್ ತುಳಿದೆ.

ಆ ಅಂಕಿ ನನ್ನ ಫೋನಿನಲ್ಲೂ ಆಚೆ ಕಡೆ ಇರುವವನ ಫೋನಿನಲ್ಲೂ ಒಂದೇ ಇರುತ್ತದೆ, ಆಚೆ ಕಡೆ ಯಾರೇ ಇರಲಿ. ಅದನ್ನು ನಿನ್ನ ದನಿಯಲ್ಲಿ ಕೇಳಿದರೆ ಮಾತ್ರ ಅದಕ್ಕೆ ಬೆಲೆ. ಕಳ್ಳನ ಹತ್ತಿರವೇ ನೀನು ಕಳ್ಳನೇ ಎಂದು ಕೇಳಿ, ಅಲ್ಲ ಎಂದದ್ದಕ್ಕೆ ಒಳಗೆ ಕರೆದು ಕೂರಿಸಿದ ಹಾಗೆ ಆಯಿತು ನನ್ನ ಕೆಲಸ. ಇದನ್ನು ಆಮೇಲೆ ನಮ್ಮ ಬೀದಿ ಕೊನೆಯ ಫೋನ್ ಅಂಗಡಿಯವಳು ಬಿಡಿಸಿ ಹೇಳಿದಳು. ತಂಗಿಯ ಸಿಮ್ ಯಾರ ಹೆಸರಿನಲ್ಲಿದೆ ಎಂದು ಅವಳು ಕೇಳಿದಾಗಲೇ ನನಗೆ ಹೊಳೆದದ್ದು. ಮದುವೆಯಾದ ಹೊಸದರಲ್ಲಿ ಅದನ್ನು ಕೊಡಿಸಿದವನು ನಿನ್ನ ದೊರೆಯಲ್ಲವೇ. ಕಳೆದುಹೋಗಿದೆ ಎಂದು ಹೇಳಿ ತನ್ನ ಹೆಸರಿನ ಸಿಮ್ಮನ್ನು ತಾನೇ ಮತ್ತೆ ತಗೊಂಡಿದ್ದಾನೆ, ನಿನ್ನ ನಂಬರನ್ನು ತನ್ನ ಫೋನಿಗೆ ಹಾಕಿಕೊಂಡಿದ್ದಾನೆ. ಅವನಿಗೆ ಈ ಉಪಾಯ ಹೊಳೆಯಲು ಇಷ್ಟು ತಿಂಗಳು ಹಿಡಿಯಿತು, ಅಷ್ಟೇ ನಮ್ಮ ಅದೃಷ್ಟ. ಆ ನಂಬರು ಬಿಡು ಎಂದು ನಾನು ಹೇಳಿದ್ದೆ. ಅಮ್ಮನಿಗೆ ಬಾಯಿಪಾಠ ಇರೋದು ಅದೊಂದೇ ನಂಬರು ಎಂದು ನೀನು ಇಟ್ಟುಕೊಂಡೆ. ಅದಕ್ಕಾಗಿ ನಿನ್ನನ್ನು ಬಯ್ಯಲು ನನಗೆ ಬಾಯಿಲ್ಲ.

ನಿನ್ನ ಫೋನು ಕುದಿಯುವ ನೀರಿಗೆ ಬಿದ್ದು ಸತ್ತಿದೆ, ಆ ನಂಬರಿಗೆ ಬರೆಯಬೇಡಿ ಎಂದು ಮೇಲ್ವಿಚಾರಕಿ ತಿಳಿಸುವ ಹೊತ್ತಿಗೆ ಕೆಲವು ದಿನ ಕಳೆದಿದ್ದವು. ನಿಜ ಹೇಳಬೇಕೆಂದರೆ ಅದಕ್ಕೂ ಮೊದಲೇ ನನಗೆ ಅನುಮಾನ ಬಂದಿತ್ತು. ನೀನು ಬರೆದರೆ ಮೊದಲು ಬರುವುದು ದೂರು. ಪಾಪು ಊಟ ಮಾಡಲ್ಲ, ಮನೆಯೊಡತಿ ನಲ್ಲಿ ಬಂದ್ ಮಾಡ್ತಾಳೆ, ನೀನ್ಯಾಕೆ ಬೇಗ ಉತ್ತರ ಕೊಡಲ್ಲ. ಇವನು ನನ್ನ ಮಂಡಿ ನೋವು ಹೇಗಿದೆ ಎಂದು ಕೇಳಿದ. ಕಣ್ಣಿಗೆ ಡ್ರಾಪ್ಸ್ ಹಾಕ್ಕೋತಿದೀಯಾ ಎಂದು ಕೇಳಿದ. ಮನೆ ಬಿಟ್ಟಂದಿನಿಂದ ನೀನು ಒಮ್ಮೆಯೂ ನನ್ನ ಮಂಡಿಯ ಸುದ್ದಿ ಎತ್ತಿರಲಿಲ್ಲವೇ ತಾಯಿ. ಆದರೂ ಪರವೂರಿನ ನೀರು ಇವಳನ್ನು ತಿದ್ದಿದೆ ಎಂದುಕೊಂಡೆ, ನೋಡು ನನ್ನ ಪೆದ್ದುತನ.

ಈಗ ಮುಖ್ಯವಾದದ್ದು. ಅವನಿಗೆ ಏನೇನು ಗೊತ್ತು ಎಂಬುದು ನಿನಗೆ ತಿಳಿಯಬೇಕು. ಊರಿನ ಹೆಸರು ನಾನು ಬರೆದಿಲ್ಲ. ಪಾಪುವಿನ ಶಾಲೆಯ ಸುದ್ದಿಯೂ ಇಲ್ಲ. ಮೊದಲು ಇಷ್ಟನ್ನೇ ಬರೆದು ನಿಲ್ಲಿಸಿಬಿಡೋಣ ಎಂದುಕೊಂಡಿದ್ದೆ, ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನೀನು ಭಯವಿಲ್ಲವೆಂದು ಅಲ್ಲೇ ಉಳಿದುಬಿಡುತ್ತೀಯ. ಉಗಿಯಲ್ಲಿ ನಿಂತು ಕೈ ಸುಟ್ಟುಕೊಳ್ಳಬೇಡ, ಆಸ್ಪತ್ರೆಯ ಬಟ್ಟೆ ಮುಟ್ಟಿದ ಮೇಲೆ ಚೆನ್ನಾಗಿ ಕೈ ತೊಳಿ ಎಂದು ಬರೆದಿದ್ದೇನೆ. ರೂಮಿನ ಹಿಂದೆ ರೈಲು ಹೋಗುವಾಗ ಪಾಪು ಈಗಲೂ ಎದ್ದು ಕೂರುತ್ತಾಳಾ ಎಂದು ಕೇಳಿದ್ದೇನೆ. ಇವೆರಡೂ ಅವನ ಕೈಯಲ್ಲಿವೆ. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ, ಪಕ್ಕದಲ್ಲಿ ರೈಲು ಹಳಿ. ಹುಡುಕುವವನಿಗೆ ಇದು ಕಮ್ಮಿಯಲ್ಲ. ಅವನಿಗೆ ಬೇರೆ ಕೆಲಸ ಏನಿದೆ.

ಗೊತ್ತಾದ ಮೇಲೆ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳುತ್ತೀಯ. ಥಟ್ಟನೆ ನಿಲ್ಲಿಸಿದರೆ ನಾನು ಎಚ್ಚೆತ್ತೆ ಎಂದು ಅವನಿಗೆ ತಿಳಿಯುತ್ತಿತ್ತು, ಆ ಎರಡು ಗುರುತುಗಳನ್ನು ಹಿಡಿದು ನೇರ ಹೊರಡುತ್ತಿದ್ದ. ದಾರಿ ತಪ್ಪಿಸಬೇಕಿತ್ತು. ಸಮುದ್ರದ ಗಾಳಿಗೆ ಪಾಪುವಿನ ಕೆಮ್ಮು ಹೆಚ್ಚಿರಬೇಕು, ಕಿಟಕಿ ಮುಚ್ಚು ಎಂದು ಬರೆದೆ. ಎರಡು ದಿನ ಬಿಟ್ಟು, ಆ ಬಂದರಿನ ಸೈರನ್ ಸದ್ದಿಗೆ ನಿದ್ದೆ ಹೇಗೆ ಬರುತ್ತೆ ನಿಮಗೆ ಎಂದೆ. ಹೊರಟೇಬಿಟ್ಟ. ಕರಾವಳಿಯ ಯಾವ ಯಾವ ಊರು ಸುತ್ತಿದನೋ. ಒಂದು ದಿನ ನೀನಾಗಿ ಕೇಳುತ್ತಾನೆ, ಅಕ್ಕ, ನಮ್ಮ ಲಾಂಡ್ರಿ ಹೆಸರು ನಾನು ನಿನಗೆ ಹೇಳಿದ್ದೆನಾ, ಏನಂತ ಹೇಳಿದ್ದೆ ನೆನಪಿದೆಯಾ ಎಂದು. ತಾನು ಕೆಲಸ ಮಾಡುವ ಜಾಗದ ಹೆಸರು ಮರೆತ ತಂಗಿ. ಮಿಷನ್ ಮೇಲೆ ತಲೆ ಇಟ್ಟು ನಕ್ಕೆ. ಪಕ್ಕದ ಮಿಷನ್‌ನವಳು ಏನಾಯ್ತು ಎಂದು ಕೇಳಿದಳು, ಏನೂ ಇಲ್ಲ, ಸೂಜಿ ಮುರಿಯಿತು ಅಂದೆ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಬೆಳಗಿನಿಂದ ಒದ್ದಾಡುತ್ತಿದ್ದೇನೆ. ಅವನೆಂದು ಗೊತ್ತಿದ್ದೂ ನಾನು ಅವನಿಗೆ ಬರೆದದ್ದೆಲ್ಲ ಸುಳ್ಳಲ್ಲ. ದಾರಿ ತಪ್ಪಿಸಲು ನಾಲ್ಕು ಸಾಲು ಸುಳ್ಳು ಸಾಕಾಗುತ್ತಿತ್ತು. ಉಳಿದದ್ದೆಲ್ಲ ನನ್ನ ಗೋಳು. ಕಣ್ಣಿನ ಡಾಕ್ಟರು ಸಣ್ಣ ಹೊಲಿಗೆ ಬಿಟ್ಟುಬಿಡಿ ಎಂದದ್ದು, ಅಮ್ಮನನ್ನು ಮಗ್ಗುಲು ತಿರುಗಿಸಿ ತಿರುಗಿಸಿ ನನ್ನ ಸೊಂಟ ಬಿದ್ದುಹೋದದ್ದು, ಭಾನುವಾರಗಳಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲದ್ದು. ಅವನು ಸಮಾಧಾನ ಹೇಳುತ್ತಿದ್ದ. ನೀನೂ ಸ್ವಲ್ಪ ರೆಸ್ಟ್ ತಗೋ ಅಕ್ಕ ಎನ್ನುತ್ತಿದ್ದ. ಮೋಸ ಮಾಡಲಿಕ್ಕೇ ಹಾಗೆ ಬರೆಯುತ್ತಾನೆಂದು ಗೊತ್ತಿತ್ತು. ಆದರೂ ಫೋನು ಗುಂಯ್ ಎಂದರೆ ಕತ್ತರಿ ಕೆಳಗಿಟ್ಟು ಓಡುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಇಷ್ಟೊಂದು ಒಂಟಿಯಾಗಿದ್ದೇನೆಂದು ಆ ಮನುಷ್ಯನಿಂದ ನನಗೆ ತಿಳಿಯಬೇಕಾಯಿತು.

ಒಂದು ಸಂಜೆ ಅವನು, ನೀನಾಗಿಯೇ, ಒಂದು ಪ್ರಶ್ನೆ ಕೇಳಿದ. ಅಕ್ಕ, ನಾನು ಬಿಟ್ಟು ಬಂದಿದ್ದು ತಪ್ಪಾ, ನಿಜ ಹೇಳು ಎಂದು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನಾದರೂ ಬರೆದು ಜಾರಿಕೊಳ್ಳಬಹುದಿತ್ತು. ನನ್ನ ಕೈ ತಡೆಯಲಿಲ್ಲ. ತಪ್ಪಲ್ಲ ಎಂದೆ. ಇಸ್ತ್ರಿ ಪೆಟ್ಟಿಗೆಯನ್ನು ನಿನ್ನ ಮುಂಗೈ ಮೇಲೆ ಒತ್ತಿ ಹಿಡಿದವನು, ಆಮೇಲೆ ಬ್ಯಾಂಡೇಜು ತಂದು ತಾನೇ ಕಟ್ಟಿ, ನೋಡಿ ಎಷ್ಟು ಕಾಳಜಿ ಮಾಡ್ತೀನಿ ಎಂದು ಬಂದವರಿಗೆಲ್ಲ ತೋರಿಸಿಕೊಂಡ. ಪಾಪು ಅಪ್ಪನ ಚಪ್ಪಲಿ ಸದ್ದು ಕೇಳಿದರೆ ಮಂಚದ ಕೆಳಗೆ ಸೇರುವುದನ್ನು ನಾನೇ ನೋಡಿದ್ದೇನೆ. ಇದೆಲ್ಲವನ್ನೂ ಬರೆದು, ಅಂಥವನನ್ನು ಬಿಟ್ಟು ಹೋದದ್ದು ಹೇಗೆ ತಪ್ಪಾಗುತ್ತದೆ ಎಂದು ಕೇಳಿದೆ. ಅವನ ಎದುರು ನಿಂತು ಇಷ್ಟು ವರ್ಷಗಳಲ್ಲಿ ಒಂದು ಮಾತೂ ಆಡದವಳು ನಾನು. ಅವನು ನಿನ್ನ ಹೆಸರಿನ ಹಿಂದೆ ಅವಿತು ಕೂತಿದ್ದರಿಂದ ಧೈರ್ಯ ಬಂತೋ ಏನೋ. ಓದಿದ ಗುರುತು ಬಂತು. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಒಂದೇ ಸಾಲು: ಅಷ್ಟೊಂದು ಆಗಿತ್ತಾ ಅಕ್ಕ. ಅದನ್ನು ಬರೆಯುವಾಗ ಅವನ ಮುಖ ಹೇಗಿತ್ತೋ ಎಂದು ಬಹಳ ಯೋಚಿಸಿದೆ. ಅವನು ಬದಲಾಗಿದ್ದಾನೆ ಎಂದು ಇದರಿಂದ ತಿಳಿದುಕೊಳ್ಳಬೇಡ. ಅದೇ ಸಂಜೆ, ನಾನು ಈಗ ಎಲ್ಲಿ ಇದ್ದೀನಿ ಅಂತ ಯಾರಿಗಾದ್ರೂ ಹೇಳಿದ್ದೀಯಾ ಎಂದು ಮತ್ತೆ ಕೆದಕಿದ.

ಸಮುದ್ರದ ಕತೆ ಈಗ ಹಳತಾಯಿತು. ಮೊನ್ನೆಯಿಂದ ಅವನು ರೈಲಿನ ಬಗ್ಗೆ ಕೇಳಲು ಶುರುಮಾಡಿದ್ದಾನೆ. ಅದಕ್ಕೇ ಹೇಳುತ್ತಿದ್ದೇನೆ, ಆ ಲಾಂಡ್ರಿ ಬಿಡು, ಆ ರೂಮೂ ಬಿಡು. ಮೇಲ್ವಿಚಾರಕಿಯ ತಂಗಿ ಇನ್ನೆಲ್ಲೋ ವಸತಿಗೃಹ ನಡೆಸುತ್ತಾಳಂತೆ, ಅಲ್ಲಿ ಬಟ್ಟೆ ಕೆಲಸಕ್ಕೆ ಜನ ಬೇಕಂತೆ. ನಾನು ಕೇಳಿಕೊಂಡಿದ್ದೇನೆ, ಆಕೆ ಹೂಂ ಅಂದಿದ್ದಾರೆ. ಯಾವ ಊರು ಎಂದು ಹೇಳಲು ಬಂದರು, ನಾನೇ ಬೇಡ ಎಂದು ಫೋನ್ ಇಟ್ಟೆ. ನೀನೂ ನನಗೆ ತಿಳಿಸಬೇಡ. ನನ್ನ ಬಾಯಿಯ ಮೇಲೆ ನನಗೆ ನಂಬಿಕೆ ಹೋಗಿದೆ. ಯಾರಾದರೂ ಪ್ರೀತಿಯಿಂದ ಮಂಡಿ ನೋವು ಹೇಗಿದೆ ಎಂದರೆ ಸಾಕು, ನಾನು ಗೋಣಿಚೀಲ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತೇನೆ.

ಹೊಸ ಫೋನ್ ಕೊಂಡಾಗ ಸಿಮ್ ನಿನ್ನ ಹೆಸರಿನಲ್ಲೇ ಇರಲಿ. ಆ್ಯಪಿನಲ್ಲಿ ನಂಬರಿಗೆ ಒಂದು ಪಿನ್ ಹಾಕುವ ಜಾಗವಿದೆಯಂತೆ, ಸಿಮ್ ಸಿಕ್ಕಿದವನಿಗೂ ಪಿನ್ ಇಲ್ಲದೆ ನಿನ್ನ ಖಾತೆಗೆ ಹೋಗಲು ಬರುವುದಿಲ್ಲವಂತೆ. ನಮಗಿಬ್ಬರಿಗೂ ಅದು ತಿಳಿಯದೆ ಹೋಯಿತು. ಪಾಪುವಿನ ಹುಟ್ಟಿದ ದಿನ ಹಾಕಬೇಡ, ಅವನಿಗೂ ಅದು ಗೊತ್ತು. ಫೋನು ಮೇಜಿನ ಮೇಲಿರುವಾಗ ಬಂದ ಸಂದೇಶ ಹೊರಗೇ ಕಾಣದ ಹಾಗೆ ಮಾಡು. ಬಟನ್ ಹೊಲಿಯುವವಳು ಎಲ್ಲವನ್ನೂ ಹೇಳಿಕೊಟ್ಟ ನಿನಗೇ ಪಾಠ ಹೇಳುವ ಕಾಲ ಬಂತು ನೋಡು. ನನ್ನನ್ನು ಮಾತ್ರ ಆ ಫೋನಿಗೆ ಸೇರಿಸಿಕೊಳ್ಳಬೇಡ. ನಾನು ಹಳೆಯ ನಂಬರಿನಲ್ಲಿ ಅವನ ಜೊತೆ ಇನ್ನೂ ಸ್ವಲ್ಪ ಕಾಲ ಅಕ್ಕ-ತಂಗಿ ಆಟ ಆಡಬೇಕಿದೆ, ನೀನು ಹೊಸ ಜಾಗದಲ್ಲಿ ಬೇರು ಬಿಡುವವರೆಗೆ. ಈ ಸಲ ಬೆಟ್ಟದ ಕಡೆ ಕಳಿಸೋಣ ಎಂದಿದ್ದೇನೆ. ಚಳಿಗೆ ಕೈ ಬಿರಿದಿದೆಯಾ ಎಂದು ಕೇಳುತ್ತೇನೆ.

ಹೀಗಾದರೆ ನಾವು ಮತ್ತೆ ಮಾತಾಡುವುದು ಯಾವಾಗ ಎಂದು ನೀನು ಕೇಳುವುದಕ್ಕೆ ಮೊದಲೇ ನಾನು ಕೇಳಿಕೊಂಡಿದ್ದೇನೆ. ಉತ್ತರ ಸಿಕ್ಕಿಲ್ಲ. ನೀನಿರುವ ಕಡೆಗೆ ಈ ಏಪ್ರನ್ನುಗಳಾದರೂ ಹೋಗುತ್ತವೆ ಎಂಬ ಒಂದು ಸಮಾಧಾನವಿತ್ತು. ಪ್ರತಿ ಕಟ್ಟಿನಲ್ಲೂ ಒಂದಕ್ಕೆ ಜೇಬು ಸ್ವಲ್ಪ ದೊಡ್ಡದಾಗಿ ಇಡುತ್ತಿದ್ದೆ, ನಿನ್ನ ಕೈಗೆ ಸಿಗಲಿ ಎಂದು. ನಿನಗೆ ಸಿಕ್ಕಿತೋ, ಬೇರೆ ಯಾರೋ ತೊಟ್ಟರೋ ಗೊತ್ತಿಲ್ಲ. ಇನ್ನು ಅದೂ ಇಲ್ಲ. ಅಳುವುದನ್ನು ಆಮೇಲೆ ಅಳುತ್ತೇನೆ, ಕಾಗದ ಒದ್ದೆಯಾದರೆ ಶಾಯಿ ಹರಡುತ್ತದೆ.

ಪಾಪುವಿಗೆ ದೊಡ್ಡಮ್ಮ ಒಬ್ಬಳಿದ್ದಾಳೆ ಎಂದು ಆಗಾಗ ಹೇಳುತ್ತಿರು. ಫೋಟೋ ತೋರಿಸಿದರೆ ಸಾಕು, ಎಲ್ಲಿದ್ದಾಳೆ ಎಂದು ಹೇಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಯಾರಾದರೂ ತುಂಬ ಅಕ್ಕರೆಯಿಂದ ಬರೆದರೆ ಮೊದಲು ಅನುಮಾನಪಡು.

ನಿನ್ನ ಪೆದ್ದಿ ಅಕ್ಕ

ಇದನ್ನು ಸಹಿಗಿಂತ ಮೇಲೆ ಬರೆಯಲು ಆಗಲಿಲ್ಲ. ನೀನು ನೋಡಲು ಬರುತ್ತೇನೆಂದ ಅಮ್ಮ ಇಲ್ಲ ಕಣೇ. ಹೋದ ತಿಂಗಳು, ಬೆಳಗಿನ ಹೊತ್ತು, ನಾನು ನೀರು ಬಿಸಿ ಮಾಡಿ ತರುವಷ್ಟರಲ್ಲಿ ಹೋಗಿಬಿಟ್ಟಳು. ಮೇಲ್ವಿಚಾರಕಿಗೆ ಒಂದು ಕರೆ ಮಾಡಿದ್ದರೆ ನಿನಗೆ ತಿಳಿಯುತ್ತಿತ್ತು. ಫೋನಿನ ಮುಂದೆ ಹೋಗಿ ನಿಂತು ವಾಪಸ್ ಬಂದೆ. ತಿಳಿದರೆ ನೀನು ಬರುತ್ತಿದ್ದೆ. ದೊರೆ ಅವತ್ತು ಬೆಳಗಿನಿಂದ ಸಂಜೆಯವರೆಗೆ ನಮ್ಮ ಗೇಟಿನ ಹತ್ತಿರ ನಿಂತಿದ್ದ. ಬಂದವರಿಗೆ ಕೈ ಮುಗಿಯುತ್ತಿದ್ದ, ಕುರ್ಚಿ ಹಾಕುತ್ತಿದ್ದ. ಅಮ್ಮನ ಕಡೆ ಒಮ್ಮೆಯೂ ನೋಡಲಿಲ್ಲ, ಕಣ್ಣೆಲ್ಲ ರಸ್ತೆಯ ಮೇಲಿತ್ತು. ಒಂದೊಂದು ಆಟೋ ನಿಂತಾಗಲೂ ಕತ್ತು ಉದ್ದ ಮಾಡುತ್ತಿದ್ದ. ನಿನ್ನ ತಾಯಿಯ ಮುಖವನ್ನು ನಿನಗೆ ಕೊನೆಯದಾಗಿ ತೋರಿಸದವಳು ನಾನು, ಅದನ್ನು ನೀನು ಕ್ಷಮಿಸದಿದ್ದರೂ ಸರಿಯೇ.

ಹೋಗುವ ಮೂರು ದಿನ ಮೊದಲು ಅಮ್ಮ ನಿನಗೊಂದು ಸಂದೇಶ ಬರೆಸಿದಳು. ಆಚೆ ಕಡೆ ಅವನಿದ್ದಾನೆ ಎಂದು ನಾನು ಅವಳಿಗೆ ಹೇಳಿರಲಿಲ್ಲ, ಆ ಸ್ಥಿತಿಯಲ್ಲಿ ಹೇಗೆ ಹೇಳಲಿ. ಕಳಿಸಿದ ಹಾಗೆ ನಟಿಸೋಣ ಎಂದರೆ ಕನ್ನಡಕ ಹಾಕಿಸಿಕೊಂಡು, ಫೋನು ತನ್ನ ಕೈಗೇ ತಗೊಂಡು, ಹೋಯ್ತಾ ಎಂದು ನೋಡಿದಳು. ನಿನಗೆ ಸೇರಬೇಕಾದದ್ದು ಅವನಿಗೆ ಹೋಯಿತು, ಮರುದಿನ ಅಳಿಸಿಯೂ ಹೋಯಿತು. ನನ್ನ ನೆನಪಿನಲ್ಲಿ ಉಳಿದಿರುವುದು ಇಷ್ಟು: “ನೀನು ಎರಡು ಸಲ ಅಳ್ತಾ ಬಂದೆ, ಎರಡು ಸಲವೂ ನಾನೇ ಬುದ್ಧಿ ಹೇಳಿ ವಾಪಸ್ ಕಳಿಸಿದೆ. ಮೂರನೇ ಸಲ ನನ್ನ ಹತ್ರ ಬರದೇನೇ ಹೋದೆಯಲ್ಲ, ಒಳ್ಳೇದು ಮಾಡಿದೆ. ನನ್ನ ನೋಡೋಕೆ ಅಂತಾನೂ ಬರಬೇಡ. ನಾನು ಸತ್ತರೂ ಬರಬೇಡ.”

ಅವನಿಂದ ಉತ್ತರ ಬರಲು ಬಹಳ ಹೊತ್ತಾಯಿತು. ಅಮ್ಮ, ನನಗೆ ನಿನ್ನ ಮೇಲೆ ಯಾವ ಸಿಟ್ಟೂ ಇಲ್ಲ, ನೀನು ನನ್ನ ಒಳ್ಳೇದಕ್ಕೇ ಹೇಳಿದ್ದು, ಬೇಗ ಬಂದು ನಿನ್ನ ನೋಡ್ತೀನಿ ಎಂದು ಬರೆದಿದ್ದ. ನಾನು ಓದಿದೆ. ಅಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆಮೇಲೆ, “ಇದು ಅವಳಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟಿರ್ಬೇಕು” ಅಂದಳು. ನಾನು ಫೋನು ಮಡಿಲಲ್ಲಿಟ್ಟು ಅವಳ ಹೊದಿಕೆ ಸರಿಮಾಡಿದೆ. ಮತ್ತೆ ಅವಳೇ, “ಇರ್ಲಿ, ಇನ್ನೊಂದ್ಸಲ ಓದು” ಅಂದಳು. ಅವಳು ಕೇಳಿದಷ್ಟು ಸಲವೂ ಓದಿದೆ.